ಬೆರಳು ತಾಗದ ನಾಣ್ಯ

ಅಂಚಪ್ಪ ಯಾವ ವಸ್ತುವನ್ನು ಹಿಡಿದರೂ ಅಂಚಿನಲ್ಲೇ ಹಿಡಿಯುತ್ತಿದ್ದ. ಲೋಟ, ತಟ್ಟೆ, ಫೋಟೋ, ಕೊನೆಗೆ ದಿನಪತ್ರಿಕೆಯನ್ನೂ ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ ಕೆಂಡ ಎತ್ತಿದಂತೆ ಎತ್ತುವನು. ಯಾರಾದರೂ ಕೈಕುಲುಕಲು ಬಂದರೆ ಅವರ ಕಿರುಬೆರಳಿನ ಬದಿಯನ್ನಷ್ಟೇ ಮುಟ್ಟಿ ಬಿಡುವನು. ಈ ಅಡ್ಡಹೆಸರು ಬಂದದ್ದು ಹಾಗೆ. ಹುಟ್ಟುಹೆಸರು ಅವನ ಅಕ್ಕನನ್ನು ಬಿಟ್ಟರೆ ಬೇರಾರಿಗೂ ನೆನಪಿರಲಿಲ್ಲ. ಹೊಟ್ಟೆಪಾಡಿಗೆ ಕೈಗಡಿಯಾರ ರಿಪೇರಿ, ಪ್ರಾಣಕ್ಕೆ ನಾಣ್ಯಸಂಗ್ರಹ. ಬೇಸಿಗೆಯಲ್ಲೂ ಕಳಚದ ಬೂದು ಕೋಟಿನ ಒಳಜೇಬಿಗೆ ತಾನೇ ಮಖಮಲ್ಲಿನ ಅಸ್ತರು ಹೊಲಿದುಕೊಂಡಿದ್ದ, ನಾಣ್ಯಕ್ಕೆ ಗೀರು ಬೀಳಬಾರದೆಂದು. ಮೊಣಕೈಯ ಹರುಕು ಮಾತ್ರ ವರ್ಷಗಟ್ಟಲೆ ಹರಿದೇ ಇತ್ತು.

ನಾಣ್ಯದ ಮೈಯನ್ನು ಮುಟ್ಟಬಾರದು, ಬೆವರು ಲೋಹವನ್ನು ತಿನ್ನುತ್ತದೆ ಎಂಬುದು ಸಂಗ್ರಾಹಕರ ಮೊದಲ ಪಾಠ. ಅಂಚಪ್ಪ ಆ ಪಾಠವನ್ನು ಒಬ್ಬಳಿಗಾಗಿ ಮುರಿದಿದ್ದ. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಅಕ್ಕ ಅವನೊಡನೆ ಇದ್ದಳು. ರಜೆಯ ಬೆಳಗ್ಗೆ ಕಿಟಕಿಯ ಪಕ್ಕ ಇಬ್ಬರೂ ಎದುರುಬದುರು ಕೂರುವರು. ಅವನು ಒಂದೊಂದೇ ನಾಣ್ಯವನ್ನು ಅವಳ ಅಂಗೈಗಿಡುವನು, ಅವಳು ಬೆರಳಿನಲ್ಲಿ ಓದುವಳು.

"ಈ ರಾಜನಿಗೆ ಗದ್ದಾನೇ ಇಲ್ವಲ್ಲೋ! ಹೆಂಡತಿ ಮುಂದೆ ಹೇಗೆ ಬಾಯಿ ತೆಗೀತಿದ್ದ?"

"ತೆಗೀತಿರಲಿಲ್ಲ ಅಕ್ಕಾ. ಅದಕ್ಕೇ ಬಹಳ ಕಾಲ ಆಳಿದ."

ಕಡೆಗೆ ಬರುತ್ತಿದ್ದುದು ಹಾರುವ ಹಕ್ಕಿಯ ಬೆಳ್ಳಿ ನಾಣ್ಯ. ಅಪ್ಪ ಕಾಗದದಲ್ಲಿ ಸುತ್ತಿಟ್ಟು, ಇಬ್ಬರಿಗೂ ಸೇರಿದ್ದೆಂದು ಹೇಳಿ ಹೋದದ್ದು. ಅಕ್ಕ ಅದನ್ನು ಬಹಳ ಹೊತ್ತು ಸವರುತ್ತ ಕೂರುತ್ತಿದ್ದಳು.

ಸಂಗ್ರಾಹಕರ ಸಂಘದ ಪ್ರದರ್ಶನದಲ್ಲಿ ನಡುವಿನ ಗಾಜಿನ ಕಪಾಟಿನ ಜಾಗ ಸಿಗಬೇಕೆಂಬುದು ಅಂಚಪ್ಪನ ಬಹುಕಾಲದ ಆಸೆ. ಒಂದು ವರ್ಷ ಆ ಜಾಗ ದರ್ಜೆ ಪಡೆದ ನಾಣ್ಯಕ್ಕೆ ಮಾತ್ರ ಎಂದಾಯಿತು. ಪರಿಣತರು ಮಸೂರದಡಿ ನೋಡಿ, ಅಸಲಿಯೋ ನಕಲಿಯೋ ಎಂದು ತೀರ್ಮಾನಿಸಿ, ಎಪ್ಪತ್ತಕ್ಕೆ ಇಷ್ಟು ಅಂಕವೆಂದು ಬರೆದು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರೆ. ಡಬ್ಬಿ ಒಡೆದರೆ ಅಂಕವೂ ಹೋಯಿತು. ಖೋಟಾ ಮಾಲು ತುಂಬಿದ ಸಂತೆಯಲ್ಲಿ ಇಂಥ ಕಾವಲು ಬೇಕಾದದ್ದೇ. ಅದನ್ನು ನಾನು ಜರೆಯಲಾರೆ. ಅಂಚಪ್ಪ ಹಕ್ಕಿಯ ನಾಣ್ಯವನ್ನು ಸಂಘದ ಮೂಲಕ ಕಳಿಸಿದ.

ಡಬ್ಬಿ ಹಿಡಿದು ಸಂಘದ ಕಾರ್ಯದರ್ಶಿ ಮನೆಗೇ ಓಡಿಬಂದ. "ಅಂಚಪ್ಪನವರೇ, ಅರವತ್ತಾರು! ನಮ್ಮಲ್ಲಿ ಯಾರಿಗೂ ಬಂದಿಲ್ಲ. ಟಂಕಸಾಲೆಯಿಂದ ಬಂದಮೇಲೆ ಇದರ ಮೈಗೆ ಒಂದು ಬೆರಳೂ ತಾಗಿಲ್ಲ!"

"ಯಾವ ನಾಣ್ಯ ಸ್ವಾಮಿ?" ಅಕ್ಕ ಒಳಗಿನಿಂದ ಗೋಡೆ ಹಿಡಿದು ಬಂದಳು.

"ನಿಮ್ಮ ತಂದೆಯವರದ್ದೇ ಅಮ್ಮಾ, ಹಕ್ಕಿಯದ್ದು."

ಅಕ್ಕ ತಮ್ಮನತ್ತ ಮುಖ ತಿರುಗಿಸಿದಳು. "ಹಾಗಾದ್ರೆ ಇಷ್ಟು ವರ್ಷ ನಾನು ಮುಟ್ತಿದ್ದದ್ದು ಯಾವುದೋ ತಮ್ಮಾ?"

ಅವಳು ಮುಟ್ಟುತ್ತಿದ್ದುದು ಅದೇ ಅಚ್ಚಿನ ಸವೆದ ಬೇರೊಂದು ನಾಣ್ಯ; ಅವಳ ಬೆರಳಿಗೆಂದೇ ಗುಜರಿಯಲ್ಲಿ ಹುಡುಕಿ ತಂದದ್ದು. ಅಂಚಪ್ಪ ತೊದಲಿದ. "ಬೆವರು ತಾಗಿದ್ರೆ ಕೆಟ್ಟುಹೋಗುತ್ತೆ ಅಂತ, ಅಕ್ಕಾ..."

"ನನ್ನ ಬೆವರಾ?"

ಅವನು ಇಕ್ಕಳ ತಂದ. ಕಾರ್ಯದರ್ಶಿ "ಅಯ್ಯೋ, ತಲೆ ಕೆಟ್ಟಿದೆಯೇನ್ರೀ!" ಎಂದು ಅಡ್ಡಬರುವಷ್ಟರಲ್ಲಿ ಡಬ್ಬಿ ಚಟಾರನೆ ಸೀಳಿತು. ನಾಣ್ಯವನ್ನು ಅಕ್ಕನ ಅಂಗೈಗಿಟ್ಟ. ಅವಳ ಬೆರಳು ರೆಕ್ಕೆಯ ಒಂದೊಂದು ಗರಿಯನ್ನೂ ದಾಟಿ, ಕತ್ತು ಹತ್ತಿ, ತಲೆಯ ಬಳಿ ನಿಂತಿತು.

"ಇದರ ಹಕ್ಕಿಗೆ ಕಣ್ಣಿದೆ," ಎಂದಳು ಮೆಲ್ಲಗೆ. "ನನಗೆ ಕುರುಡು ಹಕ್ಕೀನೇ ಸಾಕು ಅಂದ್ಕೊಂಡ್ಯಾ?"

ಆ ವರ್ಷ ನಡುವಿನ ಕಪಾಟು ಇನ್ನಾರಿಗೋ ಹೋಯಿತು. ರಜೆಯ ಬೆಳಗ್ಗೆ ಅವನು ಕರೆದರೆ ಅಕ್ಕ ಈಗಲೂ ಬಂದು ಕೂರುತ್ತಾಳೆ, ಆದರೆ ಪ್ರತಿ ನಾಣ್ಯಕ್ಕೂ "ಇದು ನಿಜವಾದ್ದೇನೋ?" ಎಂದು ಕೇಳಿಯೇ ಕೈ ಚಾಚುತ್ತಾಳೆ.

ಅಂಚಪ್ಪ ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಕೈ ತೊಳೆದುಕೊಳ್ಳಬಹುದಿತ್ತು. ಅವನು ಒಳ್ಳೆಯವನು, ನನ್ನ ಸಿಟ್ಟು ಆರದಿರುವುದೇ ಅದಕ್ಕೆ. ಬಾರದ ಅತಿಥಿಗಾಗಿ ಹೊಸ ಹೊದಿಕೆಯನ್ನು ಪೆಟ್ಟಿಗೆಯಲ್ಲಿಟ್ಟು ಮಕ್ಕಳಿಗೆ ಹರುಕು ಹೊದಿಸುವವರು, ಸವಿಮಾತನ್ನೆಲ್ಲ ಹೊರಗಿನವರಿಗೆಂದು ಕೂಡಿಟ್ಟು ಮನೆಯಲ್ಲಿ ಗುರುಗುಟ್ಟುವವರು, ಎಲ್ಲರೂ ಇವನ ಕುಲದವರೇ. ಅವರು ಎತ್ತಿಟ್ಟದ್ದೆಲ್ಲ ಹೊಸದಾಗಿಯೇ ಉಳಿಯುತ್ತದೆ, ಸವೆಯುವವರು ಮನೆಯವರು.