ಹೆರಿಗೆ ಕೋಣೆಯ ಹಟ

ಗುಡ್ಡದ ಮೇಲಿನ ಆ ಪುಟ್ಟ ಪಟ್ಟಣದಲ್ಲಿ ಎಳೆಯರೆಲ್ಲ ಕಣ್ಣು ಬಿಟ್ಟದ್ದು ದೊಡ್ಡಕ್ಕನ ಕೈಯಲ್ಲಿ. ಹೆರಿಗೆ ಕೋಣೆಯ ನರ್ಸಾದ ಅವಳನ್ನು ಮಕ್ಕಳು ಮುದುಕರೆನ್ನದೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಊರಿನ ಗಣಿ ಮುಚ್ಚಿದ ಮೇಲೆ ಜನ ಒಬ್ಬೊಬ್ಬರಾಗಿ ಬಂದರಿನ ಮಹಾನಗರಕ್ಕೆ ಇಳಿದರು. ಅಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ, ಇಲ್ಲಿ ಕೂಗಿದರೂ ಓಗೊಡುವವರಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಹೆರಿಗೆಯಾದರೆ ಕೋಣೆ ಯಾಕೆ ಎಂದು ಮೇಲಿನವರು ಅದಕ್ಕೆ ಬೀಗ ಜಡಿದು, ದೊಡ್ಡಕ್ಕನನ್ನು ನಗರದ ದೊಡ್ಡಾಸ್ಪತ್ರೆಗೆ ವರ್ಗ ಮಾಡಿದರು.

ಅವಳ ಗಂಡ ಕ್ಷೌರಿಕ. ವರ್ಗದ ಸುದ್ದಿ ಕೇಳಿ ಅವನಿಗೆ ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು ಎಂಬಂತಾಯಿತು. ಊರಲ್ಲಿ ಉಳಿದಿದ್ದವರಲ್ಲಿ ಅರ್ಧದಷ್ಟು ಜನ ಬೋಳುತಲೆಯವರು ಎಂಬುದು ಅವನ ಹಳೆಯ ದೂರು. ನಗರದಲ್ಲಿ ಕತ್ತರಿಗೆ ಬಿಡುವೇ ಇರಲಿಲ್ಲ. ಸಂಜೆ ಬೆನ್ನು ನೋವೆಂದು ಗೊಣಗಿದರೂ ಮುಖದ ತುಂಬ ಗೆಲುವಿರುತ್ತಿತ್ತು.

ದೊಡ್ಡಕ್ಕನ ಪಾಡೇ ಬೇರೆ. ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು. ಜಾಗ ಸಿಗದವರು ಓಣಿಯಂಥ ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಮಗುವಿನ ಮೈ ಒರೆಸಿ ತಾಯಿಯ ಮಗ್ಗುಲಿಗೆ ಮಲಗಿಸುವಷ್ಟರಲ್ಲಿ ಇನ್ನೊಬ್ಬಳು ಕೈ ಹಿಡಿದೆಳೆಯುತ್ತಿದ್ದಳು. ಯಾರ ಹೆಸರನ್ನೂ ಕೇಳಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಪಾಸಣೆಯ ಸಾಲಿನಲ್ಲಿ ತನ್ನೂರಿನ ಗಾರೆ ಕೆಲಸದವನು ಕಂಡ. ಪಕ್ಕದಲ್ಲಿ ಬಸುರಿ ಹೆಂಡತಿ. ಗಣಿ ಮುಚ್ಚಿದಾಗಲೂ ಊರು ಬಿಡದವನು ಈಗ ಯಾಕೆ ಬಂದನೆಂದು ದೊಡ್ಡಕ್ಕನಿಗೆ ಅಚ್ಚರಿ.

"ಕೆಲಸ ಇಲ್ಲ ಅಂತ ಬಂದಿದ್ದಲ್ಲ ದೊಡ್ಡಕ್ಕ," ಅಂದ ಅವನು. "ಗಾರೆ ಕೆಲಸ ಅಲ್ಲೂ ಇತ್ತು. ನೀವಿಲ್ಲ ಅಂತ ಬಂದ್ವಿ. ಗುಡ್ಡ ಇಳಿಯೋ ಆ ತಿರುವಿನ ದಾರೀಲಿ ನೋವು ಶುರುವಾದ್ರೆ ಇವಳನ್ನ ಯಾರು ನೋಡ್ತಾರೆ?"

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಜನ ಹೋದದ್ದಕ್ಕೆ ಕೋಣೆ ಮುಚ್ಚಿತೆಂದು ಅವಳು ನಂಬಿದ್ದಳು. ಕೋಣೆ ಮುಚ್ಚಿದ್ದಕ್ಕೂ ಜನ ಹೋಗುತ್ತಾರೆಂದು ಹೊಳೆದಿರಲಿಲ್ಲ. ಮುಂದಿನ ದಿನಗಳಲ್ಲಿ ಕೆಲಸದ ನಡುವೆ ಬಸುರಿಯರನ್ನು ಊರು ಯಾವುದೆಂದು ವಿಚಾರಿಸತೊಡಗಿದಳು. ಗುಡ್ಡದ ಕಡೆಯವರು ಅವಳು ಎಣಿಸಿದ್ದಕ್ಕಿಂತ ಹೆಚ್ಚಿದ್ದರು. ಎಲ್ಲರಿಗೂ ಅಲ್ಲಿ ಮನೆಗಳಿದ್ದವು. ಇಲ್ಲಿ ಒಂದೊಂದು ಕೋಣೆಯಲ್ಲಿ ಎರಡೆರಡು ಸಂಸಾರ.

ಮುಚ್ಚಿದ ಕೋಣೆಯನ್ನು ಮತ್ತೆ ತೆರೆಸಿ ಎಂದು ಕೇಳಲು ಅವಳು ವೈದ್ಯಾಧಿಕಾರಿಯ ಮುಂದೆ ಹೋಗಿ ನಿಂತಳು. ನಿದ್ದೆಗೆಟ್ಟ ಕಣ್ಣುಗಳ ಆ ಹೆಂಗಸು ಪೂರ್ತಿ ಕೇಳಿಸಿಕೊಂಡಳು.

"ಜನ ಇರೋ ಕಡೆ ತಾನೇ ಆಸ್ಪತ್ರೆ ಇರಬೇಕು?"

"ಆಸ್ಪತ್ರೆ ಇದ್ದ ಕಡೆ ತಾನೇ ಮೇಡಂ ಜನ ನಿಲ್ಲೋದು?"

ಅಧಿಕಾರಿ ಸಣ್ಣಗೆ ನಕ್ಕಳು. "ಸರಿ, ಆದ್ರೆ ನನ್ನ ಹತ್ರ ಇರೋ ಕೈಗಳು ಇಷ್ಟೇ. ನಿಮ್ಮನ್ನ ಅಲ್ಲಿಗೆ ಕಳಿಸಿದ್ರೆ ಹಜಾರದಲ್ಲಿ ಮಲಗಿರೋರ ಗತಿ ಏನು?"

ಪ್ರಶ್ನೆ ನ್ಯಾಯವಾದದ್ದೇ. ದೊಡ್ಡಕ್ಕ ವಾರ್ಡಿಗೆ ಹಿಂತಿರುಗಿದಳು. ಆದರೆ ಹಿಡಿದ ಹಟ ಬಿಡುವ ಜಾತಿಯವಳಲ್ಲ. ವಾರ ಕಳೆಯುವಷ್ಟರಲ್ಲಿ ಮತ್ತೆ ಹೋದಳು. "ನನ್ನೊಬ್ಬಳನ್ನೇ ಕಳಿಸಬೇಡಿ. ಬರೋಕೆ ಒಪ್ಪಿರೋ ಗುಡ್ಡದ ಕಡೆ ಬಸುರಿಯರನ್ನೂ ಕಳಿಸಿ. ನಿಮ್ಮ ಹಜಾರ ಅಷ್ಟು ಖಾಲಿ ಆಗುತ್ತೆ, ನನ್ನ ಕೋಣೆ ಅಷ್ಟು ತುಂಬುತ್ತೆ."

ಅಧಿಕಾರಿ ಒಂದು ವರ್ಷದ ಮಟ್ಟಿಗೆ ಎಂದು ಒಪ್ಪಿದಳು. ತೊಡಕಿನ ಹೆರಿಗೆಗಳನ್ನು ಮಾತ್ರ ಮೊದಲೇ ಕೆಳಗೆ ಕಳಿಸಬೇಕೆಂದು ತಾಕೀತು ಮಾಡಿದಳು.

ಮನೆಯಲ್ಲಿ ಗಂಡ ಮುಖ ಊದಿಸಿಕೊಂಡ. ಇಷ್ಟು ವರ್ಷ ಖಾಲಿ ಕುರ್ಚಿಗೆ ಗಾಳಿ ಹಾಕಿದ್ದಾಯಿತು, ಈಗ ತುಂಬಿದ ಅಂಗಡಿ ಬಿಟ್ಟು ಬಾ ಎನ್ನುವುದು ಯಾವ ನ್ಯಾಯವೆಂದು ಕೇಳಿದ. ಅವಳಿಗೂ ಅದು ಸರಿಯೆನ್ನಿಸಿತು.

"ನೀವು ಬನ್ನಿ ಅಂತ ನಾನು ಹೇಳ್ತಿಲ್ಲ ರೀ," ಅಂದಳು. "ನಾನು ಹೋಗ್ತೀನಿ ಅಂತ ಹೇಳ್ತಿದ್ದೀನಿ."

ಹೊರಡುವ ದಿನವೂ ಅವನ ಮುನಿಸು ಇಳಿದಿರಲಿಲ್ಲ. ಆದರೂ ಬಸ್ ನಿಲ್ದಾಣದವರೆಗೆ ಅವಳ ಪೆಟ್ಟಿಗೆಯನ್ನು ಬೇರೆ ಯಾರಿಗೂ ಹೊರಲು ಕೊಡಲಿಲ್ಲ.

ಅವಳ ಜೊತೆ ಮೇಲೆ ಹೋಗಲು ಒಪ್ಪಿದ್ದವರಲ್ಲಿ ಅರ್ಧದಷ್ಟು ಜನ ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು. ಗಾರೆಯವನು ಮಾತ್ರ ಹೆಂಡತಿಯೊಡನೆ ಎಲ್ಲರಿಗಿಂತ ಮೊದಲೇ ಬಸ್ಸೇರಿ ಕೂತಿದ್ದ. ತುಕ್ಕು ಹಿಡಿದ ಬೀಗವನ್ನು ಅವನೇ ಒಡೆದ, ಗೋಡೆಗೆ ಸುಣ್ಣ ಬಳಿದ. ದೊಡ್ಡಕ್ಕ ಮೊಣಕಾಲೂರಿ ನೆಲ ಉಜ್ಜಿದಳು. ಆ ಕೋಣೆಯಲ್ಲಿ ಮೊದಲು ಅತ್ತದ್ದು ಅವನ ಮಗಳು. ಅಳು ಕೇಳಿ ಬೀದಿಯ ಮುದುಕಿಯರೆಲ್ಲ ಬಾಗಿಲಲ್ಲಿ ಬಂದು ನಿಂತರು. ಯಾರೂ ಒಳಗೆ ಬರಲಿಲ್ಲ, ಯಾರೂ ಹೊರಟೂ ಹೋಗಲಿಲ್ಲ.

ವರ್ಷ ತುಂಬಿದಾಗ ಅಧಿಕಾರಿ ಇನ್ನೊಂದು ವರ್ಷ ಕೊಟ್ಟಳು. ಅದಕ್ಕಿಂತ ಹೆಚ್ಚಿನ ಮಾತು ಕೊಡಲಿಲ್ಲ. ನಗರಕ್ಕೆ ಇಳಿಯುವ ಬಸ್ಸುಗಳು ಈಗಲೂ ತುಂಬಿಯೇ ಹೋಗುತ್ತವೆ. ಮೇಲಕ್ಕೆ ಬರುವ ಬಸ್ಸಿನಲ್ಲಿ ಒಮ್ಮೊಮ್ಮೆ ಒಂದು ಸಂಸಾರ ಹಾಸಿಗೆ ಸುತ್ತಿಕೊಂಡು ಬಂದಿಳಿಯುತ್ತದೆ. ದೊಡ್ಡಕ್ಕನ ಗಂಡ ನಗರದ ಅಂಗಡಿ ಬಿಟ್ಟಿಲ್ಲ. ತಿಂಗಳಿಗೊಮ್ಮೆ ಕತ್ತರಿಯ ಚೀಲ ಹಿಡಿದು ಬರುತ್ತಾನೆ. ಊರಿನ ಗಂಡಸರು ಅಲ್ಲಿಯವರೆಗೆ ಕೂದಲು ಬೆಳೆಸಿಕೊಂಡೇ ಇರುತ್ತಾರೆ. ಕಳೆದ ಸಲ ಬಂದಾಗ, ಗಾರೆಯವನ ಹತ್ತಿರ ಊರಿನ ತನ್ನ ಹಳೆಯ ಅಂಗಡಿಯ ಮಾಡು ಸೋರುತ್ತಿದೆಯೇ ಎಂದು ವಿಚಾರಿಸಿದ. ದೊಡ್ಡಕ್ಕ ಕೇಳಿಸಿಕೊಂಡರೂ ಕೇಳಿಸದವಳಂತೆ ಬಿಸಿನೀರಿಗೆ ಪಾತ್ರೆ ಇಟ್ಟಳು. ಒಳಗೆ ಒಬ್ಬಳಿಗೆ ನೋವು ಶುರುವಾಗಿತ್ತು.