ಮಾರ್ಝಿಪಾನ್ ವಾಸನೆಯ ಶುಕ್ರವಾರ

ನಾಲ್ಕನೆಯ ವರ್ಷದ ರಸಾಯನಶಾಸ್ತ್ರದ ವಿದ್ಯಾರ್ಥಿ ಟ್ರಾಮ್ ಹತ್ತಿದರೆ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ನಮ್ಮ ಕೂದಲು, ಕೋಟು, ಕೊನೆಗೆ ಕೈಯಲ್ಲಿದ್ದ ಲಾಂಗೋಶ್ ರೊಟ್ಟಿಗೂ ಪ್ರಯೋಗಶಾಲೆಯ ವಾಸನೆ ಹತ್ತಿರುತ್ತಿತ್ತು. ಮೂರು ವರ್ಷ ಪುಸ್ತಕ ಓದಿಸಿ, ನಾಲ್ಕನೆಯ ವರ್ಷ ನಮ್ಮನ್ನು ಬೊದ್ರೋಗಿ ಮೇಷ್ಟ್ರ ಕೈಗೆ ಒಪ್ಪಿಸುತ್ತಿದ್ದರು. ಅಲ್ಲಿಂದ ಮುಂದೆ ನಾವು ಮನುಷ್ಯರ ಸಹವಾಸಕ್ಕೆ ಲಾಯಕ್ಕಲ್ಲ ಎಂದು ನನ್ನ ಅಮ್ಮ ಹೇಳುತ್ತಿದ್ದಳು.

ಮೇಷ್ಟ್ರ ಪಾಠದ ಕ್ರಮ ಸರಳ. ಪ್ರತಿ ಶುಕ್ರವಾರ ಕೈಗೊಂದು ಪುಟ್ಟ ಸೀಸೆ, ಅದರ ಮೇಲೆ ಹೆಸರಿಲ್ಲ. ಅದನ್ನು ನಾವು ಅನಾಮಿಕ ಎಂದು ಕರೆಯುತ್ತಿದ್ದೆವು. ಅದು ಎಷ್ಟು ಶಾಖಕ್ಕೆ ಕುದಿಯುತ್ತದೆ, ಯಾವುದರಲ್ಲಿ ಕರಗುತ್ತದೆ, ಯಾವ ದ್ರಾವಣ ಬೆರೆಸಿದರೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ನೋಡಿ, ಸಂಜೆಯೊಳಗೆ ಅದರ ಹೆಸರು ಹೇಳಬೇಕು. ಇದೆಲ್ಲಕ್ಕೂ ಮೊದಲು ಮೂಸಬೇಕು. ಅಂಗೈಯಿಂದ ಆವಿಯನ್ನು ಮೆಲ್ಲಗೆ ಮೂಗಿನತ್ತ ಬೀಸಿಕೊಂಡು, ಕಣ್ಣು ಮುಚ್ಚಿ, "ಹ್ಞಾಂ, ಇದು ಹಣ್ಣಾದ ಪೇರಳೆ" ಎನ್ನುವುದನ್ನು ಅವರಿಂದಲೇ ಕಲಿತೆವು. ಮೇಷ್ಟ್ರ ಮೂಗು ಹಂಗೇರಿಗೆಲ್ಲ ಪ್ರಸಿದ್ಧವಾಗಿತ್ತು. ಮುಚ್ಚಳ ತೆಗೆಯುವ ಮೊದಲೇ ಹೆಸರು ಹೇಳುತ್ತಾರೆ ಎಂಬ ಸುದ್ದಿ ಇತ್ತು. ಅದು ಸುಳ್ಳು. ಮುಚ್ಚಳ ತೆಗೆದ ಮೇಲೆ ಹೇಳುತ್ತಿದ್ದರು.

ನನ್ನ ಮೇಜಿನ ಜೊತೆಗಾತಿ ಎಮೊಕೆಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಚಿಕ್ಕವಳಿದ್ದಾಗ ಹೆಪ್ಪುಗಟ್ಟಿದ ತಿಸಾ ನದಿಯ ಮೇಲೆ ಜಾರಿ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಗಿತ್ತು. ಗಾಯ ಮಾಯಿತು, ವಾಸನೆ ಮಾತ್ರ ಮರಳಲಿಲ್ಲ. ಇದು ನನಗೊಬ್ಬಳಿಗೇ ಗೊತ್ತಿತ್ತು. ಅವಳು ಎಲ್ಲರಂತೆ ಅಂಗೈ ಬೀಸಿ, ಕಣ್ಣು ಮುಚ್ಚಿ ನಟಿಸುತ್ತಿದ್ದಳು. ಆಮೇಲೆ ಒಂದು ಪ್ರಯೋಗವನ್ನೂ ಬಿಡದೆ ಮಾಡುತ್ತಿದ್ದಳು. ನಾವು ಕಾಫಿ ಕುಡಿಯಲು ಹೋದಾಗಲೂ ಅವಳು ಉಷ್ಣಮಾಪಕ ನೋಡುತ್ತ ನಿಂತಿರುತ್ತಿದ್ದಳು.

ಒಂದು ಶುಕ್ರವಾರ ಗುಟ್ಟು ಬಯಲಾಯಿತು. ಅಂದು ಎಮೊಕೆಯ ಸೀಸೆಯಲ್ಲಿದ್ದುದು ಕೊಳೆತ ಬೆಣ್ಣೆಯಂತೆ ನಾರುವ ಆಮ್ಲ. ಮುಚ್ಚಳ ತೆಗೆದದ್ದೇ ತಡ, ನಾವು ಏಳು ಜನ ಕಿಟಕಿಗೆ ಮುಗಿಬಿದ್ದೆವು. ನಮ್ಮ ಗುಂಪಿನ ವಿದೂಷಕ ಸಬೊಲ್ಚ್ ಅರ್ಧ ದೇಹ ಹೊರಗೆ ಹಾಕಿ, "ಅಯ್ಯೋ, ನನ್ನನ್ನ ಕೆಳಕ್ಕೆ ತಳ್ಳಿಬಿಡ್ರೋ!" ಎಂದು ಕೂಗುತ್ತಿದ್ದ. ಎಮೊಕೆ ಮಾತ್ರ ಸೀಸೆಯನ್ನು ಮುಖದ ಹತ್ತಿರವೇ ಹಿಡಿದುಕೊಂಡು, ಹೂವು ಮೂಸಿದವಳ ಹಾಗೆ ತಣ್ಣಗೆ ನಿಂತಿದ್ದಳು.

ಮೇಷ್ಟ್ರು ಬಂದು ಅವಳ ಎದುರು ನಿಂತರು.

"ನಿಂಗೆ ವಾಸನೆ ಬರ್ತಾ ಇಲ್ವಾ?"

"ಇಲ್ಲ ಮೇಷ್ಟ್ರೇ."

"ನೆಗಡಿನಾ?"

"ಅಲ್ಲ. ಯಾವತ್ತೂ ಬರಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸ್ಟೂಲು ಎಳೆದುಕೊಂಡು ಕೂತು, "ನೋಡಮ್ಮ, ಮುಂದಿನ ವರ್ಷ ನೀನು ನನ್ನ ಸಂಶೋಧನೆ ಗುಂಪಿಗೆ ಬರಬೇಕು ಅಂತಿದ್ದೀಯ. ಅಲ್ಲಿ ಈಥರ್ ಸೋರತ್ತೆ, ಒಂದು ಕಿಡಿ ಸಾಕು ಭಗ್ ಅನ್ನೋಕೆ; ರಬ್ಬರ್ ಸುಡತ್ತೆ. ನಿಂಗೆ ಗೊತ್ತೇ ಆಗಲ್ಲ. ಮಹಡಿ ಮೇಲೆ ಕಾಗದದಲ್ಲೇ ರಸಾಯನ ಮಾಡೋ ಲೆಕ್ಕದೋರ ಗುಂಪಿದೆ, ಒಳ್ಳೇ ಜನ. ಅಲ್ಲಿಗೆ ಹೋಗು," ಎಂದರು.

ಎಮೊಕೆಯ ಮುಖ ಬಿಳಿಚಿಕೊಂಡಿತು. ಲೆಕ್ಕ ಅವಳಿಗೆ ಬರುತ್ತಿರಲಿಲ್ಲವೆಂದಲ್ಲ. ಆದರೆ ಅವಳಿಗೆ ಬೇಕಿದ್ದುದು ಕೈಯಾರೆ ಹೊಸ ವಸ್ತು ಮಾಡುವುದು. ತಣ್ಣಗಾಗುತ್ತಿರುವ ದ್ರಾವಣದಲ್ಲಿ ಮೊದಲ ಹರಳು ಕಂಡಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ನನಗೆ ಮೇಷ್ಟ್ರ ಮೇಲೆ ಮೈಯೆಲ್ಲ ಉರಿಯಿತು.

"ಒಂದು ಅವಕಾಶ ಕೊಡಿ ಮೇಷ್ಟ್ರೇ," ಎಂದಳು ಅವಳು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಸರಿ. ಮುಂದಿನ ಶುಕ್ರವಾರ ಎಲ್ಲರಿಗೂ ಒಂದೇ ಅನಾಮಿಕ. ಯಾರ ಮೂಗಿನ ಸಹಾಯಾನೂ ಇಲ್ದೆ ನೀನು ಹೆಸರು ಹೇಳಿದ್ರೆ ನನ್ನ ಗುಂಪಲ್ಲಿ ನಿಂಗೆ ಜಾಗ. ತಪ್ಪಿದ್ರೆ ಮಹಡಿಗೆ."

ಆ ಶುಕ್ರವಾರ ಮೇಷ್ಟ್ರು ನಮ್ಮೆದುರೇ ಕಪಾಟಿನಿಂದ ಒಂದು ಹಳೆಯ ಬಾಟಲಿ ತೆಗೆದರು. ಅದರ ಚೀಟಿಯ ಅಕ್ಷರಗಳು ಯಾವತ್ತೋ ಅಳಿಸಿಹೋಗಿದ್ದವು. ಅವರು ಒಮ್ಮೆ ಮೂಸಿ, ತೃಪ್ತಿಯಿಂದ ತಲೆಯಾಡಿಸಿ, ಎಂಟು ಸೀಸೆಗಳಿಗೆ ತುಂಬಿಸಿದರು.

ಮುಚ್ಚಳ ತೆಗೆದ ಕೂಡಲೇ ಕೋಣೆಯೆಲ್ಲ ಮಿಠಾಯಿ ಅಂಗಡಿಯಾಯಿತು. ಬಾದಾಮಿ, ಸಕ್ಕರೆ, ಕ್ರಿಸ್‌ಮಸ್ಸಿಗೆ ಮಾಡುವ ಬಾದಾಮಿ ಮಿಠಾಯಿ ಮಾರ್ಝಿಪಾನ್. ಅನುಮಾನವೇ ಬೇಡ, ಇದು ಬೆನ್ಝಾಲ್ಡಿಹೈಡ್. ರಸಾಯನಶಾಸ್ತ್ರ ಓದಿದ ಯಾರಿಗಾದರೂ ಈ ವಾಸನೆ ಗೊತ್ತು. ಯಾರೂ ತುಟಿ ಬಿಚ್ಚಲಿಲ್ಲ. ಸಬೊಲ್ಚ್ ಕೂಡ ಬಾಯಿಗೆ ಬೀಗ ಹಾಕಿಕೊಂಡಿದ್ದ. ಖಚಿತಪಡಿಸಿಕೊಳ್ಳಲು ಒಂದು ಪರೀಕ್ಷೆ ಮಾಡಿದೆವು. ಬೆನ್ಝಾಲ್ಡಿಹೈಡ್ ಇದ್ದರೆ ಬರುವ ಕಿತ್ತಳೆ ಬಣ್ಣದ ಪುಡಿ ಕಂಡಿತು. ಅಷ್ಟು ಸಾಕಾಯಿತು, ಹೆಸರು ಬರೆದು ಕೈ ತೊಳೆದುಕೊಂಡೆವು.

ಎಮೊಕೆ ಇನ್ನೂ ಕುದಿಸುತ್ತಲೇ ಇದ್ದಳು. ಹಣೆಯಲ್ಲಿ ಬೆವರು, ತುಟಿ ಕಚ್ಚಿಕೊಂಡಿದ್ದಳು. ನನ್ನಿಂದ ತಡೆಯಲಾಗಲಿಲ್ಲ. ಅವಳು ಗಾಜು ತೊಳೆಯಲು ಬಂದಾಗ ನಲ್ಲಿ ಜೋರಾಗಿ ಬಿಟ್ಟು ಕಿವಿಯಲ್ಲಿ ಹೇಳಿದೆ: "ಮಾರ್ಝಿಪಾನ್ ಕಣೇ!"

ಅವಳು ನನ್ನನ್ನು ನುಂಗುವ ಹಾಗೆ ನೋಡಿದಳು. "ನಿನ್ನ ಕೇಳಿದ್ನಾ ವಿಲ್ಮಾ? ನಿನ್ನ ಕೇಳಿದ್ನಾ?"

"ನಿನ್ನ ಒಳ್ಳೇದಕ್ಕೇ ಹೇಳಿದ್ದು…"

"ನಿನ್ನ ಒಳ್ಳೇತನ ನೀನೇ ಇಟ್ಕೋ!" ಎಂದು ಹೋಗಿ ಮತ್ತೆ ಒಲೆ ಹಚ್ಚಿದಳು.

ಸಂಜೆ ಮೇಷ್ಟ್ರು ಉತ್ತರಗಳನ್ನು ಓದಿದರು. "ಏಳು ಜನ ಬೆನ್ಝಾಲ್ಡಿಹೈಡ್. ಎಮೊಕೆ, ನೀನು ಬರೆದಿರೋದು ಬೆನ್ಝೈಲ್ ಆಲ್ಕೊಹಾಲ್." ಅವರ ದನಿಯಲ್ಲಿ ನಿಜವಾಗಿಯೂ ನೋವಿತ್ತು. "ತಪ್ಪಾಯ್ತಲ್ಲಮ್ಮ."

ಹೇಳಿಕೊಟ್ಟರೂ ಬರೆಯಲಿಲ್ಲವಲ್ಲ ಈ ಹುಡುಗಿ!

ಅವಳು ಅಲ್ಲಾಡಲಿಲ್ಲ. "ಕುದಿಸಿ ನೋಡಿ ಮೇಷ್ಟ್ರೇ."

"ಇದರ ವಾಸನೆ…"

"ವಾಸನೆ ನಂಗೊತ್ತಿಲ್ಲ. ಕುದಿಸಿ ನೋಡಿ."

ಬೇರೆ ಯಾವ ಪ್ರಾಧ್ಯಾಪಕರಾಗಿದ್ದರೂ ಕೋಟು ಹಾಕಿಕೊಂಡು ಮನೆಗೆ ಹೊರಡುತ್ತಿದ್ದರು. ಬೊದ್ರೋಗಿ ಮೇಷ್ಟ್ರು ಕೋಟು ಬಿಚ್ಚಿ, ತಾವೇ ಗಾಜಿನ ಬುರುಡೆ ಜೋಡಿಸಿ, ಅದೇ ಹಳೆಯ ಬಾಟಲಿಯಿಂದ ಸುರಿದು ಶಾಖ ಕೊಟ್ಟರು. ನಾವೆಲ್ಲ ಸುತ್ತ ನಿಂತೆವು. ಬೆನ್ಝಾಲ್ಡಿಹೈಡ್ ಆದರೆ ಉಷ್ಣಮಾಪಕದ ಪಾದರಸ ನೂರ ಎಪ್ಪತ್ತೊಂಬತ್ತು ಡಿಗ್ರಿಗೆ ನಿಲ್ಲಬೇಕು. ಅದು ಅಲ್ಲಿಗೆ ಬಂತು. ನಿಲ್ಲಲಿಲ್ಲ. ನೂರ ಎಂಬತ್ತು ದಾಟಿತು, ನೂರ ತೊಂಬತ್ತು ದಾಟಿತು. ಸಬೊಲ್ಚ್ ಮೆಲ್ಲಗೆ, "ಎಲ್ಲಿಗೆ ಹೋಗ್ತಾ ಇದೆಯೋ ಇದು?" ಎಂದ. ಬೆನ್ಝೈಲ್ ಆಲ್ಕೊಹಾಲ್ ಕುದಿಯುವ ಇನ್ನೂರ ಐದರ ಹತ್ತಿರ ಪಾದರಸ ನಿಂತಿತು, ದ್ರವ ಹನಿ ಹನಿಯಾಗಿ ಇಳಿಯತೊಡಗಿತು.

ಮೇಷ್ಟ್ರು ಬಗ್ಗಿ ಉಷ್ಣಮಾಪಕವನ್ನು ಇನ್ನೊಮ್ಮೆ ಓದಿದರು. ಆಮೇಲೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನನ್ನ ಮೂಗಿಗಿಷ್ಟು ಬೆಂಕಿ ಹಾಕ! ಬಾಟಲಿ ಹಳೇದು, ಗಾಳಿಯಾಡಿದೆ. ಚಿಟಿಕೆಯಷ್ಟು ಆಲ್ಕೊಹಾಲ್ ಬೆನ್ಝಾಲ್ಡಿಹೈಡ್ ಆಗಿದೆ. ಆ ಚಿಟಿಕೆನೇ ಬಾಟಲಿ ತುಂಬಾ ನಾರ್ತಾ ಇದೆ. ನಾನೂ ಮೂಸಿಯೇ ತಗೊಂಡೆ, ಇವರೂ ಮೂಸಿಯೇ ಬರೆದ್ರು. ಆ ಕಿತ್ತಳೆ ಪುಡಿ ನಿಂಗೂ ಬಂದಿರಬೇಕಲ್ಲ?"

"ಬಂತು. ಆದ್ರೆ ತಳದಲ್ಲಿ ಒಂಚೂರೇ ಚೂರು. ಎಲ್ಲಾ ಅದೇ ಆಗಿದ್ರೆ ನಳಿಕೆ ತುಂಬಬೇಕಿತ್ತು." ಎಮೊಕೆ ಕೈ ಒರೆಸಿಕೊಂಡಳು. "ಮೇಷ್ಟ್ರೇ, ಇನ್ನೊಂದು ಮಾತು. ಷರತ್ತು ಮುರಿದಿದೆ. ಮಾರ್ಝಿಪಾನ್ ವಾಸನೆ ಅಂತ ನಂಗೆ ಒಬ್ರು ಹೇಳಿದ್ರು."

ನನ್ನ ಕಿವಿ ಬಿಸಿಯಾಯಿತು. ಅವಳು ನನ್ನತ್ತ ತಿರುಗಿಯೂ ನೋಡಲಿಲ್ಲ. ಗೆದ್ದ ಮೇಲೆ ಯಾರಾದರೂ ಇದನ್ನು ಬಾಯಿಬಿಡುತ್ತಾರೆಯೇ?

"ಆದ್ರೂ ನೀನು ನಂಬಲಿಲ್ಲ?"

"ನಂಬಿದೆ. ನನ್ನ ಗೆಳತಿ ಸುಳ್ಳು ಹೇಳಲ್ಲ. ಅದಕ್ಕೇ ಮತ್ತೆ ಮೊದಲಿಂದ ಕುದಿಸಿದೆ, ಆಗ್ಲೂ ಇನ್ನೂರ ಐದೇ ಬಂತು. ಈಥರ್ ಸೋರಿದ್ರೂ ಅಷ್ಟೇ, ನಿಮಗೆಲ್ಲ ವಾಸನೆ ಬಂದ ಮೇಲೆ ಗೊತ್ತಾಗತ್ತೆ. ನಂಗೆ ಬರಲ್ವಲ್ಲ, ಅದಕ್ಕೆ ಶುರು ಮಾಡೋ ಮುಂಚೆನೇ ಪ್ರತಿ ಜೋಡಣೆ ಮುಟ್ಟಿ ನೋಡ್ತೀನಿ, ಪ್ರತಿ ರಬ್ಬರ್ ಬಗ್ಗಿಸಿ ನೋಡ್ತೀನಿ."

ಮೇಷ್ಟ್ರು ಕೈ ಚಾಚಿ ಅವಳ ಕೈ ಕುಲುಕಿದರು. "ಕಿಟಕಿ ಪಕ್ಕದ ಮೇಜು ನಿಂದು," ಎಂದರು. ಆಮೇಲೆ ನನ್ನತ್ತ ತಿರುಗಿ, "ವಿಲ್ಮಾ, ನೀನು ಇವಳ ಪಕ್ಕದಲ್ಲೇ ನಿಲ್ಲಬೇಕು. ಹೆಂಗೂ ನಿನ್ನ ಬಾಯಲ್ಲಿ ಮಾತು ನಿಲ್ಲಲ್ಲ. ಈಥರ್ ಸೋರಿದ್ರೆ ಊರಿಗೆಲ್ಲ ಗೊತ್ತಾಗತ್ತೆ," ಎಂದರು.

ಮುಂದಿನ ಶುಕ್ರವಾರ ಪ್ರಯೋಗಶಾಲೆಯ ಬಾಗಿಲಲ್ಲಿ ಒಂದು ಬಟ್ಟಲಿತ್ತು. ಅದರ ತುಂಬ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು. ಒಳಗೆ ಬೊದ್ರೋಗಿ ಮೇಷ್ಟ್ರು ತಮ್ಮ ಪ್ರಸಿದ್ಧ ಮೂಗಿಗೆ ಒಂದನ್ನು ಸಿಕ್ಕಿಸಿಕೊಂಡು, ಗೊಣಗೊಣ ದನಿಯಲ್ಲಿ, "ತಲೆಗೊಂದು ಹಾಕ್ಕೊಳ್ಳಿ. ಇವತ್ತು ಎಮೊಕೆ ಥರ ಕೆಲಸ ಮಾಡೋಣ," ಎಂದರು.

ನಾವು ಒಬ್ಬೊಬ್ಬರಾಗಿ ಮೂಗಿಗೆ ಕ್ಲಿಪ್ಪು ಹಾಕಿಕೊಂಡೆವು. ಎಮೊಕೆ ಬಟ್ಟಲನ್ನು ನೋಡಿ, ನಕ್ಕು, ಅದನ್ನು ಹಾಗೇ ನನ್ನ ಕೈಗೆ ದಾಟಿಸಿ ಒಳಗೆ ಹೋದಳು.