ಇಪ್ಪತ್ತೈದನೆಯ ಕುಲುಮೆ

ಮೊನ್ನೆ ಗುರುವಾರ ಬೆಳಗ್ಗೆ ಹನ್ನೊಂದರಿಂದ ಹನ್ನೆರಡರ ತನಕ ಭಾರತದ ಲೋಕಸಭೆಯನ್ನು ನಡೆಸಿದವನು ನಾನು. ಅದೂ ದೆಹಲಿಗೆ ಹೋಗದೆ. ಕೋಲ್ಕತ್ತದ ಕಚೇರಿಯಲ್ಲಿ ಕೂತು, ಎಡಗೈಯಲ್ಲಿ ಚಹಾದ ಮಣ್ಣಿನ ಕುಡಿಕೆ ಹಿಡಿದುಕೊಂಡು, ಬಲಗೈಯ ಒಂದೇ ಬೆರಳಿನಿಂದ ಮಂತ್ರಿಯನ್ನು ಎಬ್ಬಿಸಿ, ಕೂರಿಸಿ, ವಿರೋಧ ಪಕ್ಷದ ಅಷ್ಟೂ ಬಾಯಿಗಳನ್ನು ಮುಚ್ಚಿಸಿ...

"ಸಾಕು ಮಾರಾಯ್ರೆ, ಮೀನು ತಣ್ಣಗಾಗ್ತಾ ಉಂಟು," ಎಂದಳು ಪದ್ಮಿನಿ.

ನನ್ನ ಹೆಂಡತಿ ಉಡುಪಿ ಕಡೆಯವಳು. ನನ್ನ ಮಾತಿನಲ್ಲಿ ಅರ್ಧ ಕಳೆದು, ಉಳಿದದ್ದರಲ್ಲಿ ಮತ್ತೆ ಅರ್ಧ ಕಳೆದು ಕೇಳುವುದನ್ನು ಮದುವೆಯಾದ ವಾರದಲ್ಲೇ ಕಲಿತವಳು. ಭಾನುವಾರ ಮಧ್ಯಾಹ್ನ ಡಮ್ ಡಮ್‌ನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಭೆಟ್ಕಿ ಮೀನಿಗೆ ಊರಿನ ಮಸಾಲೆ ಹಾಕಿ ಅವಳು ಮಾಡಿದ ಸಾರು, ನೀರುದೋಸೆ. ಮೀನು ಮುಟ್ಟದ ಶರಣಪ್ಪನವರಿಗೆ ಬದನೆಕಾಯಿ ಪಲ್ಯ. ಶರಣಪ್ಪ ಧಾರವಾಡದವರು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಹೇಳುತ್ತಾರೆ. ಸದರ್ನ್ ಅವೆನ್ಯೂದಿಂದ ಮೆಟ್ರೋ ಹಿಡಿದು ಬಂದಿದ್ದರು, ಊಟಕ್ಕೆ ಅಂತ ಹೇಳಿ ನನ್ನ ಬೊಗಳೆ ಕೇಳುವುದಕ್ಕೆ. ನನ್ನ ಎದುರು ನಿತಾಯ್ ಕರ್ಮಕಾರ್. ಹೌರಾದ ಒಂದು ಗಲ್ಲಿಯಲ್ಲಿ ಮೂರು ತಲೆಮಾರಿನಿಂದ ಬೀಡುಕಬ್ಬಿಣ ಕರಗಿಸಿ ಮ್ಯಾನ್‌ಹೋಲಿನ ಮುಚ್ಚಳ ಎರಕ ಹೊಯ್ಯುವ ಮನುಷ್ಯ. ನಿತಾಯ್‌ದಾಗೆ ಕನ್ನಡ ಬರುವುದಿಲ್ಲ; ದಾ ಎಂದರೆ ಇಲ್ಲಿ ಅಣ್ಣ. ಮಾತಿನ ನಡುವೆ ತನ್ನ ಹೆಸರು ಬಂದಾಗಲೆಲ್ಲ ತಲೆ ಎತ್ತಿ ನಗುತ್ತಿದ್ದ. ಅವನು ತಂದ ಹೊಸ ಖರ್ಜೂರದ ಬೆಲ್ಲದ ಸಂದೇಶ್ ಮಿಠಾಯಿಯ ಎರಡು ಪೆಟ್ಟಿಗೆ ಮೇಜಿನ ಮಧ್ಯದಲ್ಲಿದ್ದವು. ಹದಿನಾರು ವರ್ಷದ ಮಗಳು ಖುಷಿ ಆಗಲೇ ಒಂದರಲ್ಲಿ ಕೈಹಾಕಿದ್ದಳು.

ಸಂದೇಶ್ ತಂದದ್ದಕ್ಕೆ ಕಾರಣವಿತ್ತು. ಆ ಗಲ್ಲಿಯ ಕಲ್ಲಿದ್ದಲ ಕುಲುಮೆಗಳೆಲ್ಲ ಇನ್ನೆರಡು ವರ್ಷದಲ್ಲಿ ಆರಬೇಕು ಎಂದು ಆದೇಶವಾಗಿದೆ. ಹೊಗೆ ಜಾಸ್ತಿಯಂತೆ. ಬದಲಿಗೆ ಸರ್ಕಾರವೇ ಎಲ್ಲರಿಗೂ ಸೇರಿ ಒಂದು ಗ್ಯಾಸಿನ ಕುಲುಮೆ ಕಟ್ಟಿಕೊಡುತ್ತದೆ. ಆದರೆ ಗಲ್ಲಿಯಲ್ಲಿ ಕನಿಷ್ಠ ಇಪ್ಪತ್ತೈದು ಫೌಂಡ್ರಿಗಳು ನಡೆಯುತ್ತಿರಬೇಕು. ನಡೆಯುತ್ತಿವೆಯೇ, ಹಾಗಾದರೆ ಕುಲುಮೆ ಯಾವಾಗ, ಎಂದು ಒಬ್ಬ ಸಂಸದರು ಪ್ರಶ್ನೆ ಹಾಕಿದರು. ಪ್ರಶ್ನೆ ದೆಹಲಿಯ ಸಚಿವಾಲಯಕ್ಕೆ ಹೋಯಿತು, ಸಚಿವಾಲಯದಿಂದ ಸಣ್ಣ ಕೈಗಾರಿಕೆಗಳ ನಮ್ಮ ಕಚೇರಿಗೆ ಬಂತು, ಕಚೇರಿಯಲ್ಲಿ ಒಂದೊಂದೇ ಮೇಜು ಇಳಿಯುತ್ತ ಕೊನೆಗೆ ನನ್ನ ಮೇಜಿಗೆ ಬಂತು. ಅದಕ್ಕಿಂತ ಕೆಳಗೆ ಮೇಜಿಲ್ಲ. ನಾಳೆ ಬೆಳಗ್ಗೆ ಹನ್ನೊಂದರೊಳಗೆ ಉತ್ತರ ಬೇಕು ಎಂದರು.

"ಗೊತ್ತುಂಟಾ ಶರಣಪ್ಪನವರೇ," ಎಂದೆ. "ಹೌರಾ ಸೇತುವೆ ಮೇಲೆ ಆವತ್ತು ಏಳು ಮೈಲಿ ಜಾಮ್. ನಾನು ಬಸ್ಸಿಂದ ಇಳಿದು ಓಡಿದೆ."

"ಸೇತುವೀನ ಅರ್ಧ ಮೈಲಿ ಇಲ್ಲಲ್ರೀ."

"ಜಾಮ್ ಇತ್ತಲ್ಲ, ಅದು ಬೇರೆ ಉದ್ದ."

ಶೆಡ್ಡುಗಳನ್ನು ಒಂದೊಂದಾಗಿ ನೋಡಿದೆ. ಕೆಂಪಗೆ ಕಾದ ಕುಲುಮೆ, ಕಪ್ಪು ಮರಳಿನ ಅಚ್ಚು, ಬನಿಯನ್ನಿನ ಗಂಡಸರು. ಗಲ್ಲಿಯ ಕೊನೆಯ, ಇಪ್ಪತ್ತೈದನೆಯ ಶೆಡ್ಡಿನ ಯಜಮಾನ ತೀರಿಕೊಂಡು ಏಳು ತಿಂಗಳಾಗಿತ್ತು. ಆದರೂ ಅಲ್ಲಿ ಹೊಗೆ ಏಳುತ್ತಿತ್ತು. ಲೆಕ್ಕಕ್ಕೆ ಸಿಗಲೆಂದು ಪಕ್ಕದ ಶೆಡ್ಡಿನಿಂದ ಕೋಕ್ ಕಲ್ಲಿದ್ದಲು ತಂದು ಆ ಬೆಳಗ್ಗೆಯಷ್ಟೇ ಬೆಂಕಿ ಹಾಕಿದ್ದರು. ಅಚ್ಚಿನ ಮರಳಿಗೆ ಕೈ ಹಚ್ಚಿದರೆ ಒಣಗಿ ಪುಡಿಯಾಗಿತ್ತು. ಅದರೊಳಗೆ ಒಂದು ಬೆಕ್ಕು ಹನ್ನೊಂದು ಮರಿ ಹಾಕಿಕೊಂಡು ಮಲಗಿತ್ತು.

"ಮೊನ್ನೆ ಮೂರು ಅಂದ್ರಿ," ಎಂದಳು ಪದ್ಮಿನಿ.

"ಮೂರು. ಆದರೆ ಹನ್ನೊಂದರಷ್ಟು ಕೂಗುತ್ತಿದ್ದವು."

ನಿತಾಯ್‌ದಾ ಆ ದಿನ ನನ್ನ ಜೊತೆಯಲ್ಲೇ ಇದ್ದ. ಇಪ್ಪತ್ತೈದು ಬರೆಯಿರಿ ಎಂದು ಕೇಳಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನನಗೆ ಬಂಗಾಳಿ ಕಲಿಸಿದವನು, ಪದ್ಮಿನಿಯ ಹೆರಿಗೆಯ ದಿನ ಟ್ಯಾಕ್ಸಿ ಹುಡುಕಿ ತಂದವನು. ಬೆಕ್ಕನ್ನು ನೋಡಿದ, ನನ್ನನ್ನು ನೋಡಿದ, ಚಹಾ ತರಿಸಿದ. ಅಷ್ಟೇ.

"ಅಷ್ಟಾದ ಮೇಲೆ ಶರಣಪ್ಪನವರೇ, ಪೆನ್ನು ತೆಗೆದವನೇ ಬರೆದೆ, ಇಪ್ಪತ್ತೈದು ಅಂತ. ಗುರುವಾರ ಮಂತ್ರಿ ಎದ್ದು ನಿಂತು ನನ್ನ ಸಂಖ್ಯೆಯನ್ನು ಓದಿದರು ನೋಡಿ, ಇಡೀ ಸದನ ಮೇಜು ಕುಟ್ಟಿತು. ನಲವತ್ತು ನಿಮಿಷ ಕುಟ್ಟಿತು."

ಶರಣಪ್ಪ ದೋಸೆ ಹರಿಯುವುದನ್ನು ನಿಲ್ಲಿಸಿದರು. "ಯಾವ ನಂಬರಿನ ಪ್ರಶ್ನೆರೀ ಅದು?"

"ಏಳನೆಯದು."

"ಏಳರತನಕ ಮುಟ್ಟಲೇ ಇಲ್ಲಲ್ರೀ! ನಾ ಮನ್ಯಾಗ ಟೀವಿ ಮುಂದ ಕೂತು ನೋಡೇನಿ. ಉಕ್ಕಿನ ಆಮದು ಅಂತ ಒಂದ್ ಪ್ರಶ್ನೆ, ಬ್ಯಾಟರಿ ಅಂತ ಇನ್ನೊಂದ್, ನಡುವ ಹತ್ತು ನಿಮಿಷ ಗದ್ದಲ. ಐದನೇದಕ್ಕ ಹನ್ನೆರಡ ಹೊಡೀತು. ಉಳಿದವಕ್ಕೆಲ್ಲ ಉತ್ತರ ಮೇಜಿನ ಮ್ಯಾಲ ಇಟ್ಟಾರ ಅಂತ ತಿಳ್ಕೊಳ್ಳೋದು. ಯಾರೂ ಓದಂಗಿಲ್ಲ, ಯಾರೂ ಕುಟ್ಟಂಗಿಲ್ಲ."

"ಹೌದಾ?" ಎಂದಳು ಪದ್ಮಿನಿ, ನನಗೆ ಇನ್ನೊಂದು ದೋಸೆ ಬಡಿಸುತ್ತ. "ಮೇಜು ಕುಟ್ಟಿದ್ದು ನಮ್ಮ ಮನೆಯದ್ದು ಇರ್ಬೇಕು."

"ಬಾಯಿಂದ ಓದದಿದ್ದರೆ ಏನಾಯ್ತು? ಮೇಜಿನ ಮೇಲೆ ಇದ್ದದ್ದು ನನ್ನ ಸಂಖ್ಯೆಯೇ ತಾನೆ," ಎಂದೆ. ಸಾರು ಸ್ವಲ್ಪ ಖಾರವಾಗಿತ್ತು.

ನಿತಾಯ್‌ದಾ ಬಂಗಾಳಿಯಲ್ಲಿ ಕೇಳಿದ, "ಏನು ಬಿಶುಬಾಬು, ಗುರುವಾರದ ಮಾತಾ?" ವಿಶ್ವನಾಥ ಎಂಬ ನನ್ನ ಹೆಸರು ಗಂಗೆ ದಾಟುವಾಗಲೇ ಬಿಶು ಆಗಿತ್ತು. ನಾನು ಹೌದೆಂದೆ. ಅವನು ಕೈ ತೊಳೆದು ಬಂದು ಶರಣಪ್ಪನವರ ಕಡೆ ತಿರುಗಿ, ಅವರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ ಹೇಳಿದ: "ಗುರುವಾರ ಸಾಯಂಕಾಲ ಇವರೇ ಫೋನ್ ಮಾಡಿ ತಿಳಿಸಿದರು, ಕೆಲಸ ಆಯಿತು ಅಂತ. ಹೊಸ ಕುಲುಮೆಗೆ ಜಾಗ ಬೇಕಲ್ಲ. ಗಲ್ಲಿಯಲ್ಲಿ ನನ್ನ ಶೆಡ್ಡೇ ದೊಡ್ಡದು. ನಾಳೆ ಬೆಳಗ್ಗೆ ಏಳಕ್ಕೆ ನಮ್ಮ ಹಳೆಯ ಕುಲುಮೆ ಒಡೆಯುತ್ತೇವೆ. ಅಜ್ಜ ಕಟ್ಟಿಸಿದ್ದು. ಜನರಿಗೆ ಹೇಳಿ ಆಗಿದೆ."

"ನಾಳೆಯೇ?" ಎಂದೆ. "ಅಷ್ಟು ಅವಸರ ಯಾಕೆ? ಸರ್ಕಾರದ ಕೆಲಸ, ಕಾಗದ ಬರಲಿ."

"ನೀವೇ ಬರೆದಿದ್ದೀರಿ. ಇನ್ನು ಯಾವ ಕಾಗದ?"

ಶರಣಪ್ಪನವರಿಗೆ ಬಹಳ ಸಂತೋಷವಾಯಿತು. "ಹಂಗಾದ್ರ ಅದನ್ನ ಅವರಿಗೆ ಅಚ್ಚಿನಾಗ ತೋರಸೋಣಲ್ಲ! ಎಲ್ಲಾ ಪ್ರಶ್ನೆಗಳ ಉತ್ತರ ವೆಬ್‌ಸೈಟಿನ್ಯಾಗ ಹಾಕಿರ್ತಾರ. ಖುಷಿ, ತಗಿಯವ್ವಾ, ಏಳನೇ ಪ್ರಶ್ನೆ. ಕೆಳಗ ಒಂದು ಪಟ್ಟಿ ಇರ್ತದ ನೋಡು."

"ಊಟದ ಹೊತ್ತಿಗೆ ಮೊಬೈಲ್ ಯಾಕೆ?" ಎಂದೆ.

ಪದ್ಮಿನಿ ನನ್ನ ಮುಖ ನೋಡಿದಳು. ಈ ಮನೆಯಲ್ಲಿ ಆ ಮಾತು ಹೇಳುವವಳು ಅವಳು. ನಾನು ಯಾವತ್ತೂ ಹೇಳಿದವನಲ್ಲ.

"ಒನ್ ಮಿನಿಟ್ ಪಪ್ಪಾ, ಓಪನ್ ಆಗ್ತಾ ಇದೆ," ಎಂದಳು ಖುಷಿ. ಸಂದೇಶ್ ಹಿಡಿದ ಬೆರಳನ್ನು ಚೂಡಿದಾರಿಗೆ ಒರೆಸಿಕೊಂಡು ಪರದೆಯನ್ನು ಮೇಲೆ ತಳ್ಳುತ್ತ ಹೋದಳು. "ಸೆವೆನ್... ಫೌಂಡ್ರಿ ಕ್ಲಸ್ಟರ್... ಹೌರಾ... ನಂಬರ್ ಆಫ್ ರನ್ನಿಂಗ್ ಯೂನಿಟ್ಸ್..."

ಅಲ್ಲಿಗೆ ನಿಂತಳು. ನಿತಾಯ್‌ದಾ ಕುತ್ತಿಗೆ ಮುಂದೆ ಚಾಚಿದ. ಇಂಗ್ಲಿಷಿನ ಅಂಕಿ ಅವನಿಗೆ ಅರ್ಥವಾಗುತ್ತದೆ. ಖುಷಿ ಫೋನನ್ನು ಎದೆಗೆ ತಿರುಗಿಸಿಕೊಂಡು, ತಟ್ಟೆಯನ್ನು ನೋಡುತ್ತ, ಮೆಲ್ಲಗೆ, ಒಂದೊಂದು ಅಕ್ಷರವನ್ನೂ ಹುಡುಕುವವಳ ಹಾಗೆ ಹೇಳಿದಳು:

"ಇಪ್ಪತ್ತ... ನಾಲ್ಕು."

ಖುಷಿ ಹುಟ್ಟಿದ್ದು ಇಲ್ಲಿ. ಮನೆಯ ಮಾತು ಅರ್ಥವಾಗುತ್ತದೆ, ಆಡುವುದು ಕಷ್ಟ. ಹತ್ತು ದಾಟಿದ ಅಂಕಿಯನ್ನು ಅವಳು ಕನ್ನಡದಲ್ಲಿ ಹೇಳಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

ಶರಣಪ್ಪ ನೀರು ಕುಡಿದರು. ಪ್ರೊಫೆಸರರಿಗೆ ಒಂದು ಸಂಖ್ಯೆ ಸಾಕು, ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿತಾಯ್‌ದಾ ಮಾತ್ರ ನಗುತ್ತಲೇ ಇದ್ದ. "ಏನಂತೆ ಮಾ? ಓದು ಓದು."

ಇಷ್ಟು ಮಂದಿಯಲ್ಲಿ ಅವನಿಗೊಬ್ಬನಿಗೇ ಗೊತ್ತಿಲ್ಲ. ಮೇಜಿನ ಮೇಲೆ ಕನ್ನಡ ಒಂದು ಪರದೆಯ ಹಾಗೆ ಇಳಿದಿತ್ತು. ಮಗಳು ಅದನ್ನು ಎಳೆದು ಕೊಟ್ಟಿದ್ದಳು. ಅದರ ಹಿಂದೆ ನಾನು ಸಂಜೆಯ ತನಕ ಕೂತಿರಬಹುದಿತ್ತು. ಇಪ್ಪತ್ತೈದು ಎಂದು ಬಂಗಾಳಿಯಲ್ಲಿ ಒಂದು ಸಲ ಹೇಳಿದರೂ ಆಗುತ್ತಿತ್ತು. ಅಚ್ಚಿನ ತಪ್ಪು, ತಿದ್ದಿಸುತ್ತೇನೆ, ಮಂತ್ರಿಯೇ ನನಗೆ ಫೋನ್ ಮಾಡಿದ್ದರು ಎನ್ನಬಹುದಿತ್ತು. ಇಂಥವು ಒಂದು ನೂರು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತವೆ.

"ಇವ್ರೇ," ಎಂದಳು ಪದ್ಮಿನಿ ತಗ್ಗಿದ ದನಿಯಲ್ಲಿ. "ನಾಳೆ ಏಳು ಗಂಟೆಗೆ ಒಡೀತಾರಂತೆ."

ನಾನು ಎಂಜಲು ಕೈಯನ್ನು ತಟ್ಟೆಯಲ್ಲಿಟ್ಟುಕೊಂಡೇ ಹೇಳಿದೆ, "ಚೋಬ್ಬಿಶ್, ನಿತಾಯ್‌ದಾ. ಇಪ್ಪತ್ತನಾಲ್ಕು ಅಂತ ಬರೆದೆ. ಕುಲುಮೆ ಮಂಜೂರಾಗಿಲ್ಲ. ಫೋನಿನಲ್ಲಿ ನಿಮಗೆ ಹೇಳಿದ್ದು ಸುಳ್ಳು. ನಾಳೆ ಒಡೆಯಬೇಡಿ."

ಅವನ ಮುಖದ ನಗು ತಕ್ಷಣ ಹೋಗಲಿಲ್ಲ. ಅದಕ್ಕೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ ಎಂದು ಕಾಣುತ್ತದೆ. ಜೇಬಿನಿಂದ ಫೋನ್ ತೆಗೆದು ಯಾರಿಗೋ ಮಾಡಿ, "ನಾಳೆ ಬೇಡ. ಇಲ್ಲ, ನಾಡಿದ್ದೂ ಬೇಡ," ಎಂದ. ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟ.

"ಬಿಶುಬಾಬು," ಎಂದ ಆಮೇಲೆ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳುವವನ ದನಿ ಅದು. "ನೀವು ಬೆಕ್ಕನ್ನು ಹುಲಿ ಮಾಡುವವರು. ಒಂದು ಶೆಡ್ಡು ಜಾಸ್ತಿ ಮಾಡೋಕೆ ಆಗಲಿಲ್ಲವಾ?"

ಗಲ್ಲಿ ನೋಡಿ ಬಂದ ರಾತ್ರಿ ತುಂಬಿದ ಫಾರಂ ಬಗ್ಗೆ ಹೇಳಬೇಕೆಂದುಕೊಂಡೆ. ನಾಲ್ಕನೆಯ ಕಾಲಮ್ಮು, ಒಂದಿಂಚು ಅಗಲದ ಖಾಲಿ ಚೌಕ. ಇಪ್ಪತ್ತೈದು ಬರೆಯಲೆಂದೇ ಕೂತಿದ್ದೆ.

"ದೆಹಲಿಯವರು ಅದನ್ನು ನಂಬಿಬಿಡುತ್ತಿದ್ದರು, ನಿತಾಯ್‌ದಾ," ಎಂದೆ.

ಅವನು ಬಂಗಾಳಿಗಳು ಎಣಿಸುವ ಹಾಗೆ ಹೆಬ್ಬೆರಳನ್ನು ಬೆರಳ ಗೆರೆಗಳ ಮೇಲೆ ಒಂದೊಂದಾಗಿ ಇಡುತ್ತ, ಗಲ್ಲಿಯ ಬಾಯಿಂದ ಶುರುಮಾಡಿ ಶೆಡ್ಡುಗಳನ್ನು ಎಣಿಸತೊಡಗಿದ. ಯಜಮಾನರ ಹೆಸರುಗಳು ತುಟಿಯಲ್ಲಿ ಮಾತ್ರ ಆಡುತ್ತಿದ್ದವು. ಬಲಗೈ ಮುಗಿಯಿತು. ಎಡಗೈಗೆ ಬಂದ. ತನ್ನ ಹೆಸರನ್ನೂ ಸೇರಿಸಿಕೊಂಡ. ಆಮೇಲೆ ಹೆಬ್ಬೆರಳು ಇಪ್ಪತ್ತನಾಲ್ಕನೆಯ ಗೆರೆಯ ಮೇಲೆ ನಿಂತಿತು. ಅವನು ಅದನ್ನು ಎತ್ತಲೂ ಇಲ್ಲ, ಮುಂದಕ್ಕೆ ಇಡಲೂ ಇಲ್ಲ.